ಕರೆಯಲು ಬಂದರೆ ಹಬ್ಬ

ನನ್ನ ಹೆಂಡತಿಯ ತಂಗಿಯ ಮಗಳು ಸ್ನೇಹಾ ಮಲಾಡಿನ ಒಂದು ಆಫೀಸಿನಲ್ಲಿ ಎಚ್‌ಆರ್ ಕೆಲಸಕ್ಕೆ ಸೇರಿದಳು. ಸೇರಿದ ವಾರವೇ ಪೇಢೆ ಹಿಡಿದುಕೊಂಡು ಗೋರೆಗಾಂವಿನ ನಮ್ಮ ಮನೆಗೆ ಬಂದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ತಿಳಿಯುತ್ತದೆ, ಆಡಹೋದರೆ ನಾಲಿಗೆ ಹಿಂದಿಯ ಕಡೆ ಜಾರುತ್ತದೆ.

"ಕಾಕಾ, ನೀವು ಹಾಸ್ಪಿಟಲ್‌ನಲ್ಲಿ ಇದೇ ಕೆಲಸ ಮಾಡಿದ್ದು ನಾ? ಹಾಲಿಡೇ, ಲೀವ್, ಆಫ್, ಫೆಸ್ಟಿವಲ್, ಇಷ್ಟೆಲ್ಲಾ ಯಾಕೆ? ಛುಟ್ಟಿ ಮತ್ಲಬ್ ಛುಟ್ಟಿ. ಸಬ್ ಸೇಮ್."

ಬಾಯಲ್ಲಿ ಪೇಢೆ ಇತ್ತು, ಇಲ್ಲದಿದ್ದರೆ ಅಲ್ಲೇ ಬೈಯುತ್ತಿದ್ದೆ. ನುಂಗಿಯಾದ ಮೇಲೆ ಬೈದೆ. ಅವಳು ನಕ್ಕಳು. ಒಳಗಿನಿಂದ ನನ್ನ ಹೆಂಡತಿ, "ಸುರು ಆತು ಇವರ ಪುರಾಣ. ಕುಂಡ್ರವಾ ಸ್ನೇಹಾ, ಚಾ ಮಾಡತೀನಿ" ಎಂದಳು. ಚಹಾ ಮುಗಿದರೂ ನನ್ನ ಮಾತು ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅವಳೂ ಓದಲಿ, ಅವಳಂಥ ಹೊಸಬರೂ ಓದಲಿ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದು ಇದರಲ್ಲಿಲ್ಲ. ಕಸ್ತೂರವ್ವ ಎಂಬ ಒಬ್ಬ ಆಯಾಳ ಸುದ್ದಿ ಇದೆ. ತವರಿನಿಂದ ಪಂಚಮಿ ಹಬ್ಬಕ್ಕೆ ಕರೆಯಲು ಅಣ್ಣ ಬರುತ್ತಾನೋ ಇಲ್ಲವೋ, ಬಂದರೆ ಹೋಗಲು ನಾವು ಬಿಡುತ್ತೇವೋ ಇಲ್ಲವೋ, ಅವಳ ಬದುಕಿನಲ್ಲಿ ಉಳಿದಿದ್ದ ದೊಡ್ಡ ಪ್ರಶ್ನೆ ಅದೊಂದೇ. ಅದು ಕಡೆಗೆ ನನ್ನ ಮೇಜಿನ ಮೇಲೆ ಬಂದು ಕೂತಿತು.

ನಾನು ಬೈಲಹೊಂಗಲದ ಕಡೆಯವನು. ಹೆಸರು ಮಲ್ಲಪ್ಪ ಹೂಗಾರ. ಬೈಕುಲ್ಲಾದ ಒಂದು ಧರ್ಮಾರ್ಥ ಆಸ್ಪತ್ರೆಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿದವನು ಅಲ್ಲೇ ಕೂದಲು ಹಣ್ಣು ಮಾಡಿಕೊಂಡು ನಿವೃತ್ತನಾದೆ. ಟೈಮ್ ಆಫೀಸು ಅಂದರೆ ಗೇಟಿಗೆ ಅಂಟಿಕೊಂಡ ಒಂದು ಗೂಡು. ಅದರ ಕಿಟಕಿಯಿಂದ ಒಳಗೆ ಬರುವವರೂ ಹೊರಗೆ ಹೋಗುವವರೂ ಕಾಣುತ್ತಾರೆ. ಆಯಾಗಳು, ವಾರ್ಡ್‌ಬಾಯ್‌ಗಳು, ಅಡುಗೆಮನೆಯವರು, ಕಸ ಗುಡಿಸುವವರು, ಇವರಲ್ಲಿ ಯಾರು ಯಾವ ದಿನ ಯಾವ ಪಾಳಿಗೆ ಬರಬೇಕು ಎಂದು ಚಾರ್ಟು ಹಾಕುವುದು ನನ್ನ ಕೆಲಸ. ಹೇಳಲು ಸುಲಭ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಆ ಪೂಜಾರಿಯ ಜಾಗದಲ್ಲಿ ನಾನು ಕೂತಿದ್ದೆ. ಎಲ್ಲರ ಶಾಪ ಮೊದಲು ನನಗೇ ತಟ್ಟುತ್ತಿತ್ತು.

ಕೆಲಸ ಕಲಿಸಿದವರು ಸಾವಂತ್ ಸಾಹೇಬರು. ರತ್ನಾಗಿರಿ ಕಡೆಯ ಮನುಷ್ಯ. ಹೆಚ್ಚು ಮಾತಿಲ್ಲ, ಎಲೆಯಡಿಕೆ ಹಾಕಿಕೊಂಡರೆ ಅದೂ ಇಲ್ಲ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದರು, "ದೇಖ್ ಹೂಗಾರ್. ಹಾಲಿಡೇ ಗೇಟ್ ದೇತಾ ಹೈ. ಲೀವ್ ಖುರ್ಸಿ ದೇತಿ ಹೈ. ಆಫ್ ಪಾಳಿ ದೇತಿ ಹೈ. ಈ ಮೂರನ್ನು ಕಲಸಿದರೆ ನಿನ್ನ ತಲೆ ಒಡೆಯುತ್ತಾರೆ."

ಅವರು ಹೇಳಿದ್ದರ ಅರ್ಥ ಇಷ್ಟು. ಹಾಲಿಡೇ ಎಂದರೆ ಸಂಸ್ಥೆಯ ಗೇಟೇ ಎಲ್ಲರಿಗೂ ಒಟ್ಟಿಗೆ ಕೊಡುವ ರಜೆ, ಯಾರೂ ಕೇಳಬೇಕಿಲ್ಲ. ಲೀವ್ ಎಂದರೆ ಕುರ್ಚಿಯ ಮೇಲಿರುವವರನ್ನು ಕೇಳಿ ಪಡೆಯುವುದು, ಅವರು ಬೇಡವೆಂದರೆ ಇಲ್ಲ. ಆಫ್ ಎಂದರೆ ವಾರಕ್ಕೊಮ್ಮೆ ಸರದಿಯ ಮೇಲೆ ತಾನಾಗಿ ಬರುವುದು. ಅದಕ್ಕೆ ಭಾನುವಾರವೂ ಒಂದೇ, ಮಂಗಳವಾರವೂ ಒಂದೇ. ಇನ್ನು ವೆಕೇಶನ್. ಮೇ ತಿಂಗಳಲ್ಲಿ ದೊಡ್ಡ ಡಾಕ್ಟರರು ವೆಕೇಶನ್ ಹೋಗುತ್ತಾರೆ, ಕೆಂಪಗಾಗಿ ಮರಳುತ್ತಾರೆ. ನಮ್ಮ ಆಯಾಗಳೂ ಮೇ ತಿಂಗಳಲ್ಲೇ ಹೋಗುತ್ತಾರೆ, ಆದರೆ ಅದಕ್ಕೆ ಗಾಂವ್ ಹೋಗುವುದು ಎನ್ನುತ್ತಾರೆ. ಊರಲ್ಲಿ ಮನೆಯ ಮಾಳಿಗೆಗೆ ಮಣ್ಣು ಹಾಕಿ, ಮುದುಕರನ್ನು ದವಾಖಾನೆಗೆ ತೋರಿಸಿ, ಹೋದಾಗಿನದಕ್ಕಿಂತ ಸೊರಗಿ ಬರುತ್ತಾರೆ. ಅದಕ್ಕೆ ವೆಕೇಶನ್ ಅನ್ನಲು ನನಗೆ ಬಾಯಿ ಬರಲಿಲ್ಲ.

ಆಸ್ಪತ್ರೆಯಲ್ಲಿ ಇನ್ನೊಂದು ತೊಡಕಿದೆ, ಸ್ನೇಹಾಳ ಆಫೀಸಿಗೆ ಅದಿಲ್ಲ. ಹಾಲಿಡೇ ದಿನ ಹೊರರೋಗಿ ವಿಭಾಗದ ಬಾಗಿಲು ಮುಚ್ಚುತ್ತದೆ, ವಾರ್ಡಿನದು ಮುಚ್ಚುವುದಿಲ್ಲ. ಅಂದು ಎಲ್ಲರ ನೆಂಟರಿಗೂ ಪುರುಸೊತ್ತು. ಡಬ್ಬಿ, ಹಣ್ಣು, ಹೂವು ಹಿಡಿದು ಸಂಸಾರಸಮೇತ ಬಂದುಬಿಡುತ್ತಾರೆ. ಆಯಾಗಳಿಗೆ ಕೆಲಸ ದುಪ್ಪಟ್ಟು. ಊರಿಗೆಲ್ಲ ಹಾಲಿಡೇ ಇದ್ದ ದಿನ ನಮಗೆ ಜನ ಹೆಚ್ಚು ಬೇಕು. ಆ ದಿನವೇ ಎಲ್ಲರಿಗೂ ಹಬ್ಬ. ಹಾಗಾದರೆ ಹಬ್ಬ ಮಾಡುವವರು ಯಾರು, ಬೆಡ್‌ಪ್ಯಾನ್ ಎತ್ತುವವರು ಯಾರು?

ಇದಕ್ಕೆ ಉತ್ತರವನ್ನು ಯಾವ ಸಾಹೇಬನೂ ಹುಡುಕಲಿಲ್ಲ. ಆಯಾಗಳೇ ಹುಡುಕಿಕೊಂಡಿದ್ದರು. ಅವರ ಬಾಯಲ್ಲಿ ಅದಕ್ಕೆ ಹಬ್ಬದ ಬದಲಿ ಎಂದು ಹೆಸರು. ನನ್ನ ದೀಪಾವಳಿ ನೀನು ನೋಡಿಕೋ, ನಿನ್ನ ಕ್ರಿಸ್‌ಮಸ್ ನಾನು ನೋಡಿಕೊಳ್ಳುತ್ತೇನೆ. ನಿನ್ನ ಈದಿಗೆ ನಾನಿದ್ದೇನೆ, ನನ್ನ ಗಣಪತಿಗೆ ನೀನಿರು. ಎಲ್ಲ ಬಾಯಿಮಾತಿನಲ್ಲಿ. ಜ್ವರ ಇದ್ದರೂ ಬದಲಿಗೆ ಮಾತು ಕೊಟ್ಟವರು ಬರುತ್ತಿದ್ದರು. ಸಾವಂತ್ ಸಾಹೇಬರು ಅದನ್ನು ನೋಡಿಯೂ ನೋಡದವರಂತೆ ಇದ್ದರು. ನಾನೂ ಅದನ್ನೇ ಕಲಿತೆ.

ಒಮ್ಮೆ ಮಾತ್ರ ನಗೆಪಾಟಲಾದೆ. ಫಿಲೋಮಿನಾ ಎಂಬ ಮಂಗಳೂರು ಕಡೆಯ ಆಯಾ ಸೆಪ್ಟೆಂಬರಿನಲ್ಲಿ ರಜೆ ಅರ್ಜಿ ಕೊಟ್ಟಳು. ಕಾರಣದ ಜಾಗದಲ್ಲಿ ಫೀಸ್ಟ್ ಎಂದು ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿದ್ದಳು. ನನಗೆ ಗೊತ್ತಿದ್ದದ್ದು ಭೋಜನ ಎಂಬ ಅರ್ಥ ಒಂದೇ. "ಊಟಕ್ಕ ಇಡೀ ದಿನ ಯಾಕ ಬೇಕವ್ವಾ? ಉಂಡು ಕೈ ತೊಳಕೊಂಡು ಬಾ, ಎರಡು ತಾಸು ಬಿಡತೀನಿ" ಎಂದೆ.

ಅವಳು ಸೊಂಟದ ಮೇಲೆ ಕೈ ಇಟ್ಟಳು. "ಎಂತ ಸರ್ ನೀವು? ಮೊಂತಿ ಫೆಸ್ತ್ ಮಾರಾಯ್ರೆ ಅದು, ನಮ್ಮ ತೆನೆ ಹಬ್ಬ. ನಿಮ್ಮ ಊರಿನ ಜೋಳಕ್ಕೆ ಹಬ್ಬ ಉಂಟಲ್ಲ, ನಮ್ಮ ಭತ್ತಕ್ಕೆ ಬೇಡವಾ?"

ಹಬ್ಬದ ಮರುದಿನ ಹೊಸ ಭತ್ತದ ಕಾಳು ಹಾಕಿದ ಪಾಯಸವನ್ನು ಸ್ಟೀಲಿನ ಡಬ್ಬಿಯಲ್ಲಿ ತಂದು ಮೇಜಿನ ಮೇಲೆ ಕುಕ್ಕಿದಳು. "ಕುಡೀರಿ. ಇದೇ ನಿಮ್ಮ ಎರಡು ತಾಸಿನ ಊಟ." ಸಾವಂತ್ ಸಾಹೇಬರು ಎಲೆಯಡಿಕೆ ಉಗುಳಿ ಬಂದು ನಕ್ಕರು. ಡಿಕ್ಷನರಿ ನೋಡಿ ಚಾರ್ಟು ಹಾಕಬಾರದು, ಮನುಷ್ಯರನ್ನು ಕೇಳಿ ಹಾಕಬೇಕು ಎಂದು ಅಂದು ಗೊತ್ತಾಯಿತು.

ಕಸ್ತೂರವ್ವ ಇವರೆಲ್ಲರ ಬದಲಿಗೆ ನಿಲ್ಲುತ್ತಿದ್ದವಳು. ವಿಜಯಪುರ ಜಿಲ್ಲೆ, ಇಂಡಿ ಕಡೆಯ ಹಳ್ಳಿ. ಗಂಡ ಗೌಂಡಿ ಕೆಲಸಕ್ಕೆಂದು ಮುಂಬಯಿಗೆ ಕರೆತಂದಿದ್ದ. ಕಟ್ಟುತ್ತಿದ್ದ ಬಿಲ್ಡಿಂಗಿನಿಂದಲೇ ಬಿದ್ದು ಸತ್ತ. ಮಣ್ಣಿಗೆ ಬಂದ ಅಣ್ಣ ಸಿದ್ದಪ್ಪ, "ನಡಿ ಊರಿಗೆ, ನಾ ಅದೀನಿ" ಎಂದನಂತೆ. ಇವಳು, "ನಿನಗ ಭಾರ ಆಗೂದಿಲ್ಲಣ್ಣ, ಇಲ್ಲೇ ದುಡಕೊಂಡು ತಿಂತೀನಿ" ಎಂದಳಂತೆ. ಅವಳು ಅಂದದ್ದು ಅಭಿಮಾನದಿಂದ, ಅವನಿಗೆ ಕೇಳಿಸಿದ್ದು ಅಪಮಾನವಾಗಿ. "ಹಂಗಾರ ಮುಂಬೈನ ನಿನ್ನ ತವರಮನಿ ಅನ್ಕೋ" ಎಂದು ಹೋದವನು ಮತ್ತೆ ಬರಲಿಲ್ಲ. ಇವಳು ಗುತ್ತಿಗೆದಾರನ ಮೂಲಕ ನಮ್ಮ ಆಸ್ಪತ್ರೆ ಸೇರಿದಳು. ಮಲಾಡಿನ ಒಂದು ಚಾಳಿನ ಖೋಲಿಯಿಂದ ಮೊದಲ ಲೋಕಲ್ ಹಿಡಿದು ಬರುತ್ತಿದ್ದಳು. ನನ್ನನ್ನು ಸರ ಎಂದೇ ಕರೆಯುತ್ತಿದ್ದಳು. ಊರ ಕಡೆಯವರು ಎಂಬ ಸಲಿಗೆಯನ್ನು ಒಂದು ದಿನವೂ ತೆಗೆದುಕೊಳ್ಳಲಿಲ್ಲ.

ಅವಳ ಬದಲಿ ಹೇಗಿರುತ್ತಿತ್ತೆಂದರೆ, ವಾರ್ಡ್‌ಬಾಯ್ ಯೂಸುಫನ ಈದ್ ಚಂದ್ರನನ್ನು ನೋಡಿ ಗೊತ್ತಾಗಬೇಕಲ್ಲ, ಸಂಜೆ ಪಾಳಿ ಮುಗಿದರೂ ಇವಳು ಮನೆಗೆ ಹೋಗುತ್ತಿರಲಿಲ್ಲ. ಆಸ್ಪತ್ರೆಯ ಗಚ್ಚಿಗೆ, ಅಂದರೆ ಮೇಲಿನ ತಾರಸಿಗೆ ಹತ್ತಿ, ಬೈಕುಲ್ಲಾದ ಮಾಡುಗಳ ಮೇಲೆ ಕಣ್ಣು ಕಿರಿದು ಮಾಡಿಕೊಂಡು ನಿಲ್ಲುತ್ತಿದ್ದಳು. ಕಂಡರೆ ಮೆಟ್ಟಿಲಿನ ಮೇಲಿಂದಲೇ ಕೂಗುತ್ತಿದ್ದಳು. "ಕಂಡಾನೋ ಯೂಸುಫಾ, ನಿಮ್ಮ ಚಂದ್ರಾಮ ಕಂಡಾನ. ನಾಳಿ ನೀ ಬರಬ್ಯಾಡ." ಅವನು ಅವಳಿಗೆ ಖಾಲಾ, ಅಂದರೆ ಚಿಕ್ಕಮ್ಮ ಎನ್ನುತ್ತಿದ್ದ.

ಇಷ್ಟೆಲ್ಲ ಬದಲಿ ಕೊಟ್ಟವಳು ತನಗಾಗಿ ಒಂದನ್ನೂ ಕೇಳುತ್ತಿರಲಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಶ್ರಾವಣದ ನಾಗರ ಪಂಚಮಿ ಎಂದರೆ ಏನೆಂದು ಸ್ನೇಹಾಳಿಗೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ಗಂಡನ ಮನೆಗೆ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ತವರಲ್ಲಿ ನಾಗಪ್ಪನಿಗೆ ಹಾಲೆರೆದು, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ತಿಂದು, ಗಿಡಕ್ಕೆ ಕಟ್ಟಿದ ಜೋಕಾಲಿ ಜೀಕಬೇಕು. ತಾನಾಗಿ ಹೋಗುವಂತಿಲ್ಲ, ಕರೆಯಲು ಬರಬೇಕು. ಮುಂಬಯಿಯ ಯಾವ ಹಾಲಿಡೇ ಪಟ್ಟಿಯಲ್ಲೂ ಅದಿಲ್ಲ. ನಮ್ಮ ಕಡೆಯ ಉಳಿದ ಆಯಾಗಳು ಬದಲಿ ಕೊಟ್ಟು ಹೋಗುತ್ತಿದ್ದರು. ಅವರ ಜಾಗದಲ್ಲಿ ಆ ದಿನ ನಿಲ್ಲುತ್ತಿದ್ದವಳೂ ಕಸ್ತೂರವ್ವನೇ.

ಒಂದು ವರ್ಷ ತಡೆಯಲಾರದೆ ಕೇಳಿದೆ. "ಈ ಸಲರ ನೀನು ರಜಾ ತಗೊಳ್ಳವ್ವ. ನಿನ್ನ ಬದಲಿ ನಿಲ್ಲಾಕ ಇಡೀ ಆಸ್ಪತ್ರಿ ತಯಾರೈತಿ."

ಅವಳು ಕೈಯಲ್ಲಿದ್ದ ಹಾಸಿಗೆ ಬಟ್ಟೆಯ ಗಂಟನ್ನು ಕೆಳಗಿಡದೆಯೇ ಹೇಳಿದಳು. "ರಜಾ ತಗೊಂಡು ಏನ್ ಮಾಡ್ಲಿರಿ ಸರ? ಕರ್ಯಾಕ ಬಂದ್ರ ಹಬ್ಬ. ಇಲ್ಲಾಂದ್ರ ಬರೇ ರಜಾ. ಖೋಲ್ಯಾಗ ಕುಂತು ಗ್ವಾಡಿ ನೋಡಬೇಕು."

ನಾನು ಆ ವಿಷಯ ಮತ್ತೆ ಎತ್ತಲಿಲ್ಲ. ಸಾವಂತ್ ಸಾಹೇಬರು ಕಲಿಸಿದ ಮೂರು ಮಾತುಗಳಲ್ಲಿ ಹಬ್ಬಕ್ಕೆ ಜಾಗವೇ ಇರಲಿಲ್ಲ ಎಂದು ಅಂದು ಹೊಳೆಯಿತು. ಗೇಟು, ಕುರ್ಚಿ, ಪಾಳಿ ಮೂರೂ ಸೇರಿದರೂ ಅದನ್ನು ಕೊಡಲಾಗುವುದಿಲ್ಲ. ಅದನ್ನು ಇನ್ನೊಬ್ಬರು ಹೊತ್ತುಕೊಂಡು ಬಾಗಿಲಿಗೆ ಬರಬೇಕು.

ಸಾವಂತ್ ಸಾಹೇಬರು ನಿವೃತ್ತರಾದರು, ನಾನು ಅವರ ಕುರ್ಚಿಗೆ ಬಂದೆ. ಹೆಬ್ಬೆಟ್ಟಿನ ಮಶೀನು ಬಂತು, ಅದರ ಹಿಂದೆ ಮೊಬೈಲಿನ ಆ್ಯಪ್ ಬಂತು. ಹೊಸ ಆಡಳಿತಾಧಿಕಾರಿ ಬಂದರು. ನಾವೆಲ್ಲ ಮೇಡಮ್ ಎನ್ನುತ್ತಿದ್ದೆವು. ಹಿಂದೆ ದೊಡ್ಡ ಹೋಟೆಲುಗಳಲ್ಲಿ ಕೆಲಸ ಮಾಡಿದವರು. ಅವರನ್ನು ಕೆಟ್ಟವರೆಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಆಯಾಗಳಿಗೆ ಸೀರೆ ಬದಲಿಸಲು ಒಂದು ಕೋಣೆ, ಕೂರಲು ಬೆಂಚು, ಕುಡಿಯಲು ತಣ್ಣೀರು ಕೊಡಿಸಿದ್ದು ಅವರೇ. ಆದರೆ ಅವರು ಬಂದ ಹೊಸದರಲ್ಲೇ ಒಂದು ಅನಾಹುತವಾಯಿತು. ಬದಲಿಗೆಂದು ಸತತ ಎರಡು ಪಾಳಿ ಮಾಡುತ್ತಿದ್ದ ಒಬ್ಬಳು ಕೂತಲ್ಲೇ ತೂಕಡಿಸಿದಳು, ಮುದುಕ ರೋಗಿಯೊಬ್ಬರು ಮಂಚದಿಂದ ಬಿದ್ದು ಸೊಂಟ ಮುರಿದುಕೊಂಡರು. ಆ ಹೊತ್ತು ವಾರ್ಡಿನಲ್ಲಿ ಯಾರಿರಬೇಕಿತ್ತು ಎಂದು ಕೇಳಿದರೆ ಚಾರ್ಟಿನಲ್ಲಿ ಒಂದು ಹೆಸರು, ಇದ್ದದ್ದು ಇನ್ನೊಬ್ಬಳು. ಮೇಡಮ್ ಅಂದೇ ಬದಲಿ ನಿಲ್ಲಿಸಿದರು. ಎರಡು ಪಾಳಿಯೂ ಬಂದ್. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ.

ಆ್ಯಪಿನಲ್ಲಿ ಒಬ್ಬರ ದಿನಕ್ಕೆ ಹಾಜರಿ, ಹಾಲಿಡೇ, ಲೀವ್, ಆಫ್, ಗೈರುಹಾಜರಿ ಇಷ್ಟೇ. ಇವುಗಳಲ್ಲಿ ಒಂದನ್ನು ಒತ್ತಬೇಕು. ಯೂಸುಫನ ಚಂದ್ರ ಕಾಣದಿದ್ದರೂ ಮಶೀನಿನ ಪ್ರಕಾರ ಈದ್ ಆಗಿಬಿಡುತ್ತಿತ್ತು. ಗಚ್ಚಿಗೆ ಯಾರೂ ಹತ್ತುವುದು ಬೇಕಾಗಲಿಲ್ಲ.

ಹೀಗಿರುವಾಗ ಒಂದು ಶ್ರಾವಣ. ಆ ವರ್ಷ ಮಳೆಗಾಲದ ಜ್ವರ ಊರೆಲ್ಲ ಹಬ್ಬಿತ್ತು. ಮಂಚ ಸಾಲದೆ ವರಾಂಡದ ನೆಲದ ಮೇಲೂ ಹಾಸಿಗೆ ಹಾಕಿದ್ದೆವು. ಎಲ್ಲರ ಲೀವ್ ರದ್ದು ಎಂದು ನೋಟೀಸು ಹೊರಟಿತ್ತು. ಆ ತಿಂಗಳು ಗೈರುಹಾಜರಾದ ಗುತ್ತಿಗೆಯವರ ಹೆಸರು ತೆಗೆದುಹಾಕುವುದಾಗಿಯೂ ಅದರಲ್ಲಿತ್ತು.

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಗೇಟಿನ ಬೆಂಚಿನ ಮೇಲೆ ಒಬ್ಬ ಮುದುಕ ಬಂದು ಕೂತ. ಧೋತರ, ಬಿಳಿ ಟೊಪ್ಪಿಗೆ, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ವಾಚ್‌ಮನ್ ಹಿಂದಿಯಲ್ಲಿ ಏನು ಕೇಳಿದರೂ "ಕಸ್ತೂರಿ" ಎಂದಷ್ಟೇ ಹೇಳುತ್ತಿದ್ದ. ನಾನು ಹೊರಗೆ ಬಂದು ಯಾರೆಂದು ಕೇಳಿದೆ. ಕನ್ನಡ ಕಿವಿಗೆ ಬಿದ್ದದ್ದೇ ಎದ್ದು ನಿಂತ.

"ಆಕಿ ಅಣ್ಣ ಅದೀನ್ರಿ, ಸಿದ್ದಪ್ಪ. ಪಂಚಮಿಗೆ ಕರ್ಯಾಕ ಬಂದೀನಿ. ಬರ್ಲೋ ಬ್ಯಾಡೋ ಅನ್ಕೋತ ತಡಾ ಆತು. ಸಂಜೀ ಗಾಡಿಗೆ ಹೊಂಟ್ರ ನಾಳೆ ಹಬ್ಬಕ್ಕ ಮುಟ್ಟತೀವಿ."

ಮೇಲೆ ವಾರ್ಡಿಗೆ ಫೋನು ಮಾಡಿದೆ. ಕಸ್ತೂರವ್ವ ಕೈ ಒರೆಸಿಕೊಳ್ಳದೆ ಮೆಟ್ಟಿಲಿಳಿದು ಬಂದಳು. ಅಣ್ಣನನ್ನು ಕಂಡು ಅಲ್ಲೇ ನಿಂತಳು. ಅವನೂ ಹತ್ತಿರ ಹೋಗಲಿಲ್ಲ. ಇಬ್ಬರ ನಡುವೆ ಆಂಬುಲೆನ್ಸ್ ಒಂದು ಹಾದುಹೋಯಿತು. ಅದು ಹೋದ ಮೇಲೆ ಸಿದ್ದಪ್ಪ ಹೇಳಿದ, "ಮುದುಕಿ ಆಗೀಯಲ್ಲವ್ವಾ. ನಡಿ. ಹಿತ್ತಲದಾಗ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿಸೇನಿ."

ಅವಳು ನನ್ನ ಕಡೆ ತಿರುಗಿದಳು. ಆ ನೋಟವನ್ನು ನಾನು ತಡೆದುಕೊಳ್ಳಲಾರದೆ, "ಇಲ್ಲೇ ಕುಂಡ್ರು, ಬಂದೆ" ಎಂದು ಮೇಡಮ್ ಕೋಣೆಗೆ ಹೋದೆ.

ಹೋಗುವಾಗ ಫಿಲೋಮಿನಾ ಸಿಕ್ಕಳು. ಸುದ್ದಿ ಆಗಲೇ ಮುಟ್ಟಿತ್ತು. "ಸರ್, ನಾನು ಎರಡು ಪಾಳಿ ಮಾಡ್ತೇನೆ ಅಂತ ಹೇಳಿ. ಯೂಸುಫ್ ಕೂಡ ಇದ್ದಾನೆ. ಅವಳನ್ನು ಕಳಿಸಿ ಮಾರಾಯ್ರೆ" ಎಂದಳು.

ಮೇಡಮ್ ಪೂರ್ತಿ ಕೇಳಿಸಿಕೊಂಡರು. "ಹೂಗಾರ್‌ಜೀ, ಈ ಫೆಸ್ಟಿವಲ್ ನಮ್ಮ ಹಾಲಿಡೇ ಪಟ್ಟಿಯಲ್ಲಿ ಇಲ್ಲ ಅಲ್ಲವಾ?"

"ಇಲ್ಲ ಮೇಡಮ್" ಎಂದೆ. "ಹಾಲಿಡೇ ಸಂಸ್ಥೆ ಕೊಡುತ್ತದೆ, ಲೀವ್ ನೀವು ಕೊಡುತ್ತೀರಿ. ಈ ಹಬ್ಬವನ್ನು ಅವಳಿಗೆ ನಾವು ಯಾರೂ ಕೊಡಲಾರೆವು. ಅದನ್ನು ಅವಳ ಅಣ್ಣ ತಂದಿದ್ದಾನೆ, ಕೆಳಗೆ ಗೇಟಿನಲ್ಲಿ ಕೂತಿದ್ದಾನೆ. ಇಷ್ಟು ವರ್ಷ ಬಂದಿರಲಿಲ್ಲ. ಬರಿಗೈಯಲ್ಲಿ ಕಳಿಸಿದರೆ ಮತ್ತೆ ಬರುತ್ತಾನೋ ಇಲ್ಲವೋ."

ಅವರು ಎದ್ದು ಬಂದು ಕಿಟಕಿಯಿಂದ ಗೇಟಿನ ಕಡೆ ನೋಡಿದರು. ಫಿಲೋಮಿನಾ ಹೇಳಿದ ಮಾತನ್ನೂ ಹೇಳಿದೆ. ಆಗ ನನ್ನ ಕಡೆ ತಿರುಗಿ, "ಎರಡು ಪಾಳಿ ಮಾಡಿದವಳು ತೂಕಡಿಸಿದಾಗ ಬಿದ್ದ ಆ ಬಾಬಾ ಇನ್ನೂ ನೆಟ್ಟಗೆ ನಡೆಯುತ್ತಿಲ್ಲ. ಈಗ ನೆಲದ ಮೇಲೆಲ್ಲ ರೋಗಿಗಳಿದ್ದಾರೆ. ನಾನು ಅವಳನ್ನು ಬಿಡುತ್ತೇನೆ. ಅವಳ ವಾರ್ಡಿನಲ್ಲಿ ಮೂರು ದಿನ ಯಾರು ನಿಲ್ಲುತ್ತಾರೆ, ನೀವೇ ಒಂದು ಹೆಸರು ಹೇಳಿ. ದಣಿಯದ ಒಂದು ಹೆಸರು" ಎಂದರು.

ಅತ್ತ ದರಿ, ಇತ್ತ ಪುಲಿ. ನನ್ನ ತಲೆಯಲ್ಲಿ ಇಡೀ ಚಾರ್ಟು ಇತ್ತು, ಆ ಹೆಸರು ಮಾತ್ರ ಇರಲಿಲ್ಲ. ಆ ತಿಂಗಳು ದಣಿಯದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ಬೈಯಲಿಲ್ಲ. ಮೆಟ್ಟಿಲಿಳಿದು ಬಂದೆ.

ಕೆಳಗೆ ಕಸ್ತೂರವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ನಾನು ಬಾಯಿ ತೆರೆಯುವ ಮೊದಲೇ ಅಣ್ಣನಿಗೆ ಹೇಳಿದಳು. "ವಾರ್ಡಿನ್ಯಾಗ ಮಂದಿ ನೆಲದ ಮ್ಯಾಲ ಮಲಗ್ಯಾರಣ್ಣ. ಅವರನ್ನ ಬಿಟ್ಟು ಬಂದು ಜೋಕಾಲಿ ಹ್ಯಾಂಗ ಜೀಕಲಿ? ನೀ ಕರ್ಯಾಕ ಬಂದ್ಯಲ್ಲ, ಅಷ್ಟ ಸಾಕು. ನನ್ನ ಹಬ್ಬ ಆತು."

ಸಿದ್ದಪ್ಪ ಚೀಲವನ್ನು ಹೆಗಲಿಗೇರಿಸಿದ. ಸಿಟ್ಟಿನಿಂದ ಹೊರಟುಬಿಟ್ಟ ಎಂದೇ ನಾನು ತಿಳಿದೆ. ಅವನು ಗೇಟಿನವರೆಗೆ ಹೋಗಿ ತಿರುಗಿ ಬಂದ. "ಕರ್ಯಾಕ ಬಂದವ ಬರಿಗೈಲೆ ಹ್ಯಾಂಗ ಹೋಗ್ಲಿ? ಖೋಲಿ ಕೀಲಿಕೈ ಕೊಡು" ಎಂದ.

ಮಲಾಡಿನ ದಾರಿಯನ್ನು ನಾನೇ ಬಿಡಿಸಿ ಹೇಳಿದೆ. ದಾದರಿನಲ್ಲಿ ಗಾಡಿ ಬದಲಿಸಬೇಕು ಎಂಬುದನ್ನು ಎರಡೆರಡು ಸಲ ಹೇಳಿಸಿಕೊಂಡ.

ಮರುದಿನ ಪಂಚಮಿ. ಮಧ್ಯಾಹ್ನ ಊಟದ ವೇಳೆಗೆ ಸಿದ್ದಪ್ಪ ಅದೇ ಚೀಲ ಹಿಡಿದು ಬಂದ. ಅದರಲ್ಲಿ ಅವನ ಹೆಂಡತಿ ಕಟ್ಟಿಕೊಟ್ಟ ಉಂಡಿಗಳಿದ್ದವು. ನಮ್ಮ ಮಕ್ಕಳ ವಾರ್ಡಿನ ಅಂಗಳದಲ್ಲಿ ಒಂದು ಕಬ್ಬಿಣದ ಜೋಕಾಲಿ ಇತ್ತು, ಗುಣವಾಗುತ್ತಿರುವ ಮಕ್ಕಳಿಗೆಂದು ಹಾಕಿಸಿದ್ದು. ಫಿಲೋಮಿನಾ ಕಸ್ತೂರವ್ವನ ಕೈ ಹಿಡಿದು ಎಳೆದುಕೊಂಡು ಬಂದಳು. "ನಾಚಿಕೆ ಎಂತದು? ಅಣ್ಣ ಬಂದಿದ್ದಾನೆ, ಕೂತುಕೋ" ಎಂದಳು. ಸಿದ್ದಪ್ಪ ಹೆಗಲ ಮೇಲಿನ ಟವೆಲಿನಿಂದ ಜೋಕಾಲಿಯ ಮೇಲಿನ ಮಳೆ ನೀರು ಒರೆಸಿದ. ಕಸ್ತೂರವ್ವ ಆಸ್ಪತ್ರೆಯ ನೀಲಿ ಸೀರೆಯಲ್ಲೇ ಕೂತಳು. ಅಣ್ಣ ಹಿಂದಿನಿಂದ ನೂಕಿದ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಸರಪಳಿ ಕಿರುಗುಟ್ಟಿತು. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಬರುತ್ತಿತ್ತು.

ಮೇಲಿನ ವರಾಂಡದಲ್ಲಿ ಮೇಡಮ್ ನಿಂತಿದ್ದರು. ಯೂಸುಫ್ ಒಂದು ಉಂಡಿ ಒಯ್ದು ಕೊಟ್ಟ. ಏನು ಹಾಕಿ ಮಾಡಿದ್ದು ಎಂದು ಕೇಳಿ ತಿಂದರಂತೆ. ಊಟದ ವೇಳೆ ಮುಗಿಯಿತು, ಕಸ್ತೂರವ್ವ ವಾರ್ಡಿಗೆ ಹೋದಳು. ಸಂಜೆಯ ಗಾಡಿಗೆ ಸಿದ್ದಪ್ಪ ಊರಿಗೆ ಹೊರಟ. ಹೋಗುವಾಗ ನನ್ನ ಕಿಟಕಿಗೆ ಬಂದು, "ಬರೂ ವರ್ಷ ಮೊದಲ ಹೇಳಿ ಕಳಸತೀನ್ರಿ. ಆಕಿ ರಜಾ ನೀವು ನೋಡಕೋರಿ" ಎಂದ. ಮಾತು ಕೊಟ್ಟೆ.

ಮಾತು ಉಳಿಸಿಕೊಳ್ಳಲು ನಾನು ಹೋರಾಡಬೇಕಾಗಿ ಬರಲಿಲ್ಲ. ವರ್ಷದ ಕೊನೆಯಲ್ಲಿ ಮೇಡಮ್ ತಾವಾಗಿಯೇ ಟ್ರಸ್ಟಿನವರನ್ನು ಒಪ್ಪಿಸಿ ಹೊಸ ಪದ್ಧತಿ ತಂದರು. ಪ್ರತಿಯೊಬ್ಬ ನೌಕರನೂ ತನಗೆ ಬೇಕಾದ ಒಂದು ಹಬ್ಬವನ್ನು ವರ್ಷದ ಮೊದಲೇ ಹೇಳಿಡಬಹುದು. ಆ ದಿನ ಅವನಿಗೆ ಹಾಲಿಡೇ, ಅವನ ಜಾಗಕ್ಕೆ ಹೊರಗಿನಿಂದ ಜನ ಬರುತ್ತಾರೆ. ಗುತ್ತಿಗೆಯವರಿಗೂ ಅದು ಸಿಕ್ಕಿತು. ಫಿಲೋಮಿನಾ ಮೊಂತಿ ಫೆಸ್ತ್ ಹೇಳಿದಳು. ಕಸ್ತೂರವ್ವ ಪಂಚಮಿ ಹೇಳಿದಳು. ಹೇಳುವಾಗ ಅವಳ ಮುಖ ನೋಡಬೇಕಿತ್ತು. ಪಂಚಮಿ ಎಂದು ಆ್ಯಪಿನಲ್ಲಿ ಒತ್ತುವಾಗ ಈ ಕೆಲಸಕ್ಕೆ ಸೇರಿದ್ದು ಸಾರ್ಥಕವಾಯಿತು ಎನ್ನಿಸಿತು.

ಯುಗಾದಿ ಕಳೆದ ಮೇಲೆ ಊರಿನಿಂದ ಫೋನು ಬಂತು. ಸಿದ್ದಪ್ಪ ಹೊಲದಿಂದ ಬಂದವನು ನೀರು ಕುಡಿದು ಮಲಗಿದ, ಏಳಲಿಲ್ಲ. ಕಸ್ತೂರವ್ವ ಮಣ್ಣಿಗೆ ಹೋಗಿ ಬಂದಳು. ಆ ರಜೆಯನ್ನು ಮೇಡಮ್ ಒಂದೇ ಮಾತಿಗೆ ಕೊಟ್ಟರು. ಬಂದವಳು ಮರುದಿನದಿಂದ ವಾರ್ಡಿಗೆ ನಿಂತಳು.

ಸ್ನೇಹಾ, ನಿನ್ನ ಮಶೀನು ನಮ್ಮದಕ್ಕಿಂತ ಜಾಣ ಇರಬಹುದು. ಆದರೂ ನಾನು ಕಂಡದ್ದನ್ನು ಕೇಳಿಸಿಕೋ. ಹಾಲಿಡೇ ಕೊಟ್ಟೆವು ಅಂದಮಾತ್ರಕ್ಕೆ ಅವರ ಮನೆಯಲ್ಲಿ ಹಬ್ಬವಾಯಿತು ಎಂದು ತಿಳಿಯಬೇಡ. ಯಾರಾದರೂ ರಜೆಯ ದಿನ ಕೆಲಸಕ್ಕೆ ಬಂದರೆ ದಡ್ಡರು ಎಂದು ನಗಬೇಡ. ಅವರನ್ನು ಒಮ್ಮೆ ಕೂರಿಸಿ 'ಯಾಕೆ ಬಂದಿರಿ' ಎಂದು ಕೇಳು. ನಾನು ಕಲಿತ ವಿದ್ಯೆ ಇಷ್ಟೇ.

ಸಿದ್ದಪ್ಪ ತೀರಿಕೊಂಡ ಆ ವರ್ಷದ ಪಂಚಮಿಯ ಬೆಳಿಗ್ಗೆ ನಾನು ಕಿಟಕಿಯ ಹಿಂದೆ ಕೂತಿದ್ದೆ. ಹೆಬ್ಬೆಟ್ಟಿನ ಮಶೀನು ಕೀಚಲು ದನಿ ತೆಗೆಯಿತು. ಕೆಂಪು ದೀಪ ಹತ್ತಿತ್ತು. ಕಸ್ತೂರವ್ವ ನೀಲಿ ಸೀರೆ ಉಟ್ಟು ಮಶೀನಿನ ಮುಂದೆ ನಿಂತು, ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಮತ್ತೆ ಒತ್ತುತ್ತಿದ್ದಳು. ಅವಳ ಹೆಸರಿನ ಕೆಳಗೆ ಹಾಲಿಡೇ ಎಂದು ಮೂಡುತ್ತಿತ್ತು. ಹಿಂದೆ ನಿಂತವರು ಅವಸರ ಮಾಡಲಿಲ್ಲ. ಅವರಿಗೂ ಗೊತ್ತಿತ್ತು.

ನಾನು ಹೊರಗೆ ಬಂದೆ. "ಇವತ್ತ ನಿನಗ ರಜಾ ಐತಲ್ಲವ್ವ. ಅದಕ್ಕ ಮಶೀನು ತಗೊಳ್ಳವಲ್ಲದು."

"ರಜಾ ಐತ್ರಿ ಸರ" ಎಂದಳು. ಕೈ ಮಶೀನಿನ ಮೇಲೆಯೇ ಇತ್ತು. "ಹಬ್ಬ ಇಲ್ಲ."

ನನಗೆ ಅಕ್ಕತಂಗಿಯರಿಲ್ಲ. ಪಂಚಮಿಗೆ ಯಾರ ಬಾಗಿಲಿಗೂ ಹೋಗಿ ನಿಂತವನಲ್ಲ, ಹೇಗೆ ಕರೆಯುತ್ತಾರೆ ಎಂಬ ಅಭ್ಯಾಸವೂ ಇಲ್ಲ. ಗೂಡಿನೊಳಗೆ ಹೋಗಿ ಹೆಂಡತಿಗೆ ಫೋನು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಇಷ್ಟು ವರ್ಷಕ್ಕ ಈಗ ತಲ್ಯಾಗ ಬಂತ ನಿಮಗ? ಶೇಂಗಾ ಹುರದೀನಿ, ಬೆಲ್ಲ ಐತಿ. ಸುಮ್ಮ ಕರಕೊಂಡ ಬರ್ರಿ" ಎಂದು ಇಟ್ಟಳು. ಮೇಡಮ್‌ಗೆ ಅರ್ಧ ದಿನದ ಲೀವ್ ಬೇಕು ಎಂದೆ. ಯಾಕೆಂದು ಅವರು ಕೇಳಲಿಲ್ಲ, ಕಿಟಕಿಯಿಂದ ಅವರಿಗೂ ಮಶೀನು ಕಾಣುತ್ತಿತ್ತು.

ಮತ್ತೆ ಹೊರಗೆ ಬಂದಾಗ ಅವಳು ಅಲ್ಲೇ ಬದಿಗೆ ಸರಿದು ಗೋಡೆಗೆ ಒರಗಿದ್ದಳು. ಎದುರಿಗೆ ಹೋಗಿ ನಿಂತೆ.

"ಕಸ್ತೂರವ್ವ, ಪಂಚಮಿಗೆ ಕರ್ಯಾಕ ಬಂದೀನಿ. ಗೋರೆಗಾಂವಿಗೆ ನಡಿ. ನಮ್ಮ ಮನ್ಯಾಗ ಉಂಡಿ ಕಟ್ಟಾಕ ಹತ್ಯಾಳ."

ಅವಳು ನನ್ನನ್ನು ನೋಡಿದಳು. ಆಮೇಲೆ ತನ್ನ ನೀಲಿ ಸೀರೆಯನ್ನು ನೋಡಿಕೊಂಡಳು.

"ನಿಂದರ್ರಿ ಅಣ್ಣಾರ" ಎಂದಳು. "ಸೀರಿ ಬದಲಿ ಮಾಡಕೊಂಡು ಬರತೀನಿ."

ಅವಳು ಆಯಾಗಳ ಕೋಣೆಯ ಕಡೆ ಹೋದಳು. ಸಿದ್ದಪ್ಪ ಹಿಂದಿನ ವರ್ಷ ಕೂತಿದ್ದ ಗೇಟಿನ ಬೆಂಚಿನ ಮೇಲೆ ನಾನು ಕಾಯುತ್ತ ಕೂತೆ.